ಕಾಗದದಲ್ಲಿ ಕಟ್ಟಿದ ಸ್ವರಾಜ್ಯ

ಇಂದ್ರಪ್ರಸ್ಥದ ಮಯಸಭೆಯನ್ನು ಹೊಕ್ಕ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಬಗೆದು ಉಡುಗೆಯನ್ನು ಮೇಲೆತ್ತಿಕೊಂಡನು. ನೀರನ್ನು ನೆಲವೆಂದು ನಂಬಿ ಅದರೊಳಗೆ ಬಿದ್ದನು. ಆ ಸಭೆಯನ್ನು ಯಾರೂ ಕಣ್ಣಾರೆ ಕಂಡವರಿಲ್ಲ. ಆದರೂ ಗಮಕಿಯ ಕಂಠದಿಂದಲೋ ಯಕ್ಷಗಾನದ ರಂಗಸ್ಥಳದಿಂದಲೋ ಆ ಪ್ರಸಂಗವನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಕವಿಯ ಕಲ್ಪನೆಯಲ್ಲಿ ಎದ್ದು ನಿಂತ ಆ ಭವನವು ಒಬ್ಬ ಅರಸುಮಗನ ಎದೆಯೊಳಗಿನ ಮತ್ಸರವನ್ನು ಬಯಲಿಗೆಳೆಯಿತು. ದ್ಯೂತಕ್ಕೆ ಕಾರಣವಾಗಿ, ಕಡೆಗೆ ಕುರುಕ್ಷೇತ್ರಕ್ಕೆ ದಾರಿ ತೋರಿತು.

ಆ ಕಥೆಯ ಇನ್ನೊಂದು ಭಾಗವನ್ನು ಮಾತ್ರ ಕೇಳುಗರು ಬೇಗ ಮರೆಯುತ್ತಾರೆ. ಮಯನು ಆ ಸಭೆಯನ್ನು ಕಟ್ಟಿದ್ದಾದರೂ ಏಕೆ? ಖಾಂಡವವನವು ಹೊತ್ತಿ ಉರಿದಾಗ ಅಲ್ಲಿ ವಾಸವಾಗಿದ್ದ ಜೀವಕೋಟಿಯೆಲ್ಲ ಬೆಂದುಹೋಯಿತು. ಬದುಕಿ ಉಳಿದ ಬೆರಳೆಣಿಕೆಯವರಲ್ಲಿ ಮಯನೊಬ್ಬ. ಜೀವ ಉಳಿಸಿದ ಋಣವನ್ನು ತೀರಿಸಲೆಂದು ಅವನು ಗೆದ್ದವರಿಗೆ ಆ ಸಭೆಯನ್ನು ಕಟ್ಟಿಕೊಟ್ಟನು. ಆ ಸ್ಫಟಿಕದ ಬೆಳಕಿನ ಹಿಂದೆ ಸುಟ್ಟ ಕಾಡಿನ ಬೂದಿಯಿತ್ತು. ಭವ್ಯವಾದ ಕಟ್ಟಡವನ್ನು ಕಂಡಾಗಲೆಲ್ಲ ಅದರ ಹಿಂದಿನ ಖಾಂಡವವನ ಯಾವುದು ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಇರುವ ಕಟ್ಟಡವು ಆಳುವವನ ಬಲವನ್ನು ಸಾರಿದರೆ, ಇಲ್ಲದ ಕಟ್ಟಡವು ಹಲವು ವೇಳೆ ಅವನ ಭಯವನ್ನು ಸಾರುತ್ತದೆ. 1835ರ ಶಿಕ್ಷಣ ಟಿಪ್ಪಣಿಯಿಂದ ಭಾರತೀಯರಿಗೆ ಚಿರಪರಿಚಿತನಾದ ಮೆಕಾಲೆಯು 1840ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಒಂದು ವಿಚಿತ್ರ ದೃಶ್ಯವನ್ನು ಕಲ್ಪಿಸಿದನು. ಎಂದೋ ಬರಲಿರುವ ಕಾಲದಲ್ಲಿ ನ್ಯೂಜಿಲೆಂಡಿನ ಪ್ರವಾಸಿಯೊಬ್ಬ ಲಂಡನ್ ಸೇತುವೆಯ ಮುರಿದ ಕಮಾನಿನ ಮೇಲೆ ನಿಂತು, ಹಾಳುಬಿದ್ದ ಸೇಂಟ್ ಪಾಲ್ ದೇವಾಲಯದ ಚಿತ್ರವನ್ನು ಬರೆದುಕೊಳ್ಳುವ ದೃಶ್ಯವದು. 1872ರಲ್ಲಿ ಫ್ರೆಂಚ್ ಕಲಾವಿದ ಗುಸ್ತಾವ್ ದೋರೆ ಅದನ್ನು ಚಿತ್ರವಾಗಿಯೇ ಬಿಡಿಸಿದನು. ಸಾಮ್ರಾಜ್ಯದ ಸೂರ್ಯನು ನಡುನೆತ್ತಿಯಲ್ಲಿದ್ದಾಗಲೇ ಆಳುವವರ ಕನಸಿನಲ್ಲಿ ಪಾಳುಗೋಡೆಗಳು ಸುಳಿದಾಡುತ್ತಿದ್ದವು!

ಆಳುವವನಿಗೆ ಕಂಡದ್ದು ಪಾಳು. ಹಾಗಾದರೆ ಆಳಿಸಿಕೊಂಡವನಿಗೆ ಕನಸು ಕಾಣುವ ಸರದಿ ಬಂದಾಗ ಅವನು ಏನನ್ನು ಕಟ್ಟಿಯಾನು? ಆಫ್ರಿಕದ ನಟ್ಟನಡುವಿನ ಕಾಂಗೋ ದೇಶದಲ್ಲಿ ಶಾಲಾ ಉಪಾಧ್ಯಾಯರೊಬ್ಬರು ಇದಕ್ಕೆ ಉತ್ತರವಿತ್ತರು. ಅವರ ಹೆಸರು ಬೋಡಿಸ್ ಇಸೆಕ್ ಕಿಂಗೆಲೆಜ್. ಅವರ ಇಟ್ಟಿಗೆ ಗಾರೆಗಳೆಲ್ಲ ಕಾಗದ ಮತ್ತು ಅಂಟು.

ಕಳವಿನ ಶಂಕೆ

ಕಿಂಗೆಲೆಜ್ ಅವರು ಹುಟ್ಟಿದ್ದು 1948ರಲ್ಲಿ, ಕಿಂಬೆಂಬೆಲೆ ಇಹುಂಗಾ ಎಂಬ ಬೇಸಾಯದ ಹಳ್ಳಿಯಲ್ಲಿ. ಆಗ ಆ ದೇಶಕ್ಕೆ ಬೆಲ್ಜಿಯನ್ ಕಾಂಗೋ ಎಂದು ಹೆಸರು. 1970ರಲ್ಲಿ ಅವರು ರಾಜಧಾನಿ ಕಿನ್ಶಾಸಾಕ್ಕೆ ಬಂದು ಓದು ಮುಂದುವರಿಸಿ, ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದರು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅವರ ಮನಸ್ಸಿನಲ್ಲಿ ಹೇಳಲಾರದ ತಳಮಳವೊಂದು ಹುಟ್ಟಿತು. ಏನನ್ನಾದರೂ ತಮ್ಮ ಕೈಯಿಂದಲೇ ಮಾಡಬೇಕು, ಆದರೆ ಏನನ್ನು? ಕತ್ತರಿ, ಕ್ಷೌರದ ಬ್ಲೇಡು, ಅಂಟು, ಕಾಗದ ಇವಿಷ್ಟನ್ನು ಮುಂದಿಟ್ಟುಕೊಂಡು ಕುಳಿತರು. ಒಂದು ಪುಟ್ಟ ಕಟ್ಟಡವು ಎದ್ದು ನಿಂತಿತು.

ಅದನ್ನು ಅವರು ಕಿನ್ಶಾಸಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಿದರು. ಅಲ್ಲಿದ್ದವರಿಗೆ ಸಂತೋಷಕ್ಕಿಂತ ಮೊದಲು ಸಂಶಯ ಹುಟ್ಟಿತು. ಇಷ್ಟು ನಯವಾದ ಕೆಲಸವನ್ನು ಈ ಮನುಷ್ಯನು ಮಾಡಿರಲಾರ, ಎಲ್ಲಿಂದಲೋ ಕದ್ದು ತಂದಿರಬೇಕು ಎಂದುಕೊಂಡರು. ಅವರ ಕಣ್ಣೆದುರಿಗೇ ಇನ್ನೊಂದನ್ನು ಮಾಡಿ ತೋರಿಸಿದ ಮೇಲೆಯೇ ನಂಬಿಕೆ ಬಂದಿತು. ಶಂಕಿಸಿದ ಸಂಸ್ಥೆಯೇ ಅವರಿಗೆ ಕೆಲಸ ಕೊಟ್ಟಿತು. ಮುರಿದ, ಸವೆದ ಹಳೆಯ ಮುಖವಾಡಗಳನ್ನೂ ಕಲಾವಸ್ತುಗಳನ್ನೂ ದುರಸ್ತು ಮಾಡುವ ಕೆಲಸ. ಕೆಲವು ವರ್ಷ ಅದನ್ನು ಮಾಡಿದ ಕಿಂಗೆಲೆಜ್ ಅವರು ಎಂಬತ್ತರ ದಶಕದಲ್ಲಿ ಅದನ್ನು ತೊರೆದು ತಮ್ಮ ಕಾಗದದ ಲೋಕವನ್ನು ಕಟ್ಟಲು ಪೂರ್ತಿಯಾಗಿ ತೊಡಗಿದರು.

ಈ ಸಣ್ಣ ಪ್ರಸಂಗವು ಒಂದು ದೊಡ್ಡ ಕಥೆಯ ಮುನ್ನುಡಿಯಂತಿದೆ. ಕಾಂಗೋದವನೊಬ್ಬ ಇಂಥದನ್ನು ಕಲ್ಪಿಸಬಲ್ಲನೆಂಬುದನ್ನು ಕಾಂಗೋದಲ್ಲಿಯೇ ನಂಬಲಿಲ್ಲ! ಪರರ ಆಳಿಕೆಯು ಕಸಿದುಕೊಳ್ಳುವುದು ಚಿನ್ನ, ದಂತ, ರಬ್ಬರುಗಳನ್ನಷ್ಟೇ ಎಂದು ತಿಳಿದರೆ ಲೆಕ್ಕ ತಪ್ಪುತ್ತದೆ. ತನ್ನ ಊರು ನಾಳೆ ಹೇಗಿರಬೇಕೆಂದು ನೆನೆಯುವ ಅಧಿಕಾರವನ್ನೂ ಅದು ಕಸಿದುಕೊಳ್ಳುತ್ತದೆ. ಆ ಅಧಿಕಾರ ಕಾಂಗೋದ ಕೈತಪ್ಪಿದ್ದು ಹೇಗೆಂಬುದನ್ನು ತಿಳಿದವರಿಗೆ ಮಾತ್ರ ಕಾಗದದ ಆ ಗೋಪುರಗಳ ಮಾತು ಕೇಳಿಸೀತು.

ರಬ್ಬರಿನ ಕಾಡು, ಕಲ್ಲಿನ ಕಮಾನು

1884ರ ಕೊನೆಯಿಂದ 1885ರ ಆರಂಭದವರೆಗೆ ಬರ್ಲಿನ್ನಿನಲ್ಲಿ ಸಭೆ ಸೇರಿದ ಯೂರೋಪಿನ ರಾಷ್ಟ್ರಗಳು ಆಫ್ರಿಕದ ಹಂಚಿಕೆಗೆ ನಿಯಮಗಳನ್ನು ಮಾಡಿಕೊಂಡವು. ಬೆಲ್ಜಿಯಂ ದೇಶದ ಎಪ್ಪತ್ತಕ್ಕೂ ಹೆಚ್ಚು ಪಟ್ಟು ವಿಸ್ತಾರವಾದ ಕಾಂಗೋ ಆಗ ಎರಡನೆಯ ಲಿಯೋಪೋಲ್ಡ್ ದೊರೆಯ ಪಾಲಿಗೆ ಬಂದಿತು. ಬೆಲ್ಜಿಯಂ ದೇಶಕ್ಕಲ್ಲ, ಆ ಒಬ್ಬ ವ್ಯಕ್ತಿಗೆ! ತನ್ನ ಸ್ವಂತ ಆಸ್ತಿಯಾದ ಆ ನಾಡಿನ ಮಣ್ಣನ್ನು ಅವನು ಜೀವಮಾನದಲ್ಲಿ ಒಮ್ಮೆಯೂ ಮೆಟ್ಟಲಿಲ್ಲ. ಸೈಕಲ್ಲಿಗೂ ಮೋಟಾರಿಗೂ ಟೈರುಗಳು ಬೇಕಾಗಿದ್ದ ಕಾಲ. ಕಾಡು ರಬ್ಬರಿಗೆ ಬೇಡಿಕೆ ಏರಿತು. ಹಳ್ಳಿಗೆ ಇಷ್ಟು ರಬ್ಬರೆಂದು ಗೊತ್ತುಮಾಡಿದರು. ಗಂಡಸರು ಕಾಡಿನಿಂದ ಅದನ್ನು ತರುವವರೆಗೆ ಹೆಂಡಿರನ್ನೂ ಮಕ್ಕಳನ್ನೂ ಒತ್ತೆಯಿಟ್ಟುಕೊಂಡರು. ಗುಂಡುಗಳನ್ನು ವ್ಯರ್ಥ ಮಾಡಿಲ್ಲವೆಂಬುದಕ್ಕೆ ಸಿಪಾಯಿಗಳು ಸತ್ತವರ ಕೈಗಳನ್ನು ಕಡಿದು ತಂದು ಲೆಕ್ಕ ಒಪ್ಪಿಸಿದರು. ಬದುಕಿದ್ದವರ ಕೈಗಳೂ ಉಳಿಯಲಿಲ್ಲ. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟನ ವರದಿ 1904ರಲ್ಲಿ ಪ್ರಕಟವಾಗಿ ಲೋಕದ ಕಣ್ಣು ತೆರೆಸಿತು. 1908ರಲ್ಲಿ ದೊರೆಯು ತನ್ನ ಆಸ್ತಿಯನ್ನು ಬೆಲ್ಜಿಯಂ ಸರ್ಕಾರಕ್ಕೆ ಒಪ್ಪಿಸಬೇಕಾಯಿತು.

ಆ ರಬ್ಬರಿನ ಹಣ ಎಲ್ಲಿ ಹೋಯಿತು? ಬ್ರಸೆಲ್ಸ್ ನಗರದಲ್ಲಿ 1905ರಲ್ಲಿ ಮುಗಿದ ಐವತ್ತರ ಉತ್ಸವದ ಮೂರು ಬಾಗಿಲಿನ ಮಹಾ ಕಮಾನಿನಲ್ಲಿ ಅದರ ಒಂದು ಪಾಲನ್ನು ಇಂದಿಗೂ ಕಾಣಬಹುದು. ನಗರದ ಹೊರವಲಯದ ಟೆರ್ವುರೆನ್‌ನಲ್ಲಿ 1910ರಲ್ಲಿ ತೆರೆದ ಕಾಂಗೋ ವಸ್ತುಸಂಗ್ರಹಾಲಯದ ಅರಮನೆಯಂಥ ಕಟ್ಟಡಕ್ಕೂ ಹಣ ಅಲ್ಲಿಂದಲೇ. ಬೆಲ್ಜಿಯಂ ಜನರು ಲಿಯೋಪೋಲ್ಡನಿಗೆ ಕೊಟ್ಟ ಬಿರುದು 'ಕಟ್ಟಡಗಳ ದೊರೆ' ಎಂದು. ಅದೇ ಟೆರ್ವುರೆನ್‌ನಲ್ಲಿ 1897ರಲ್ಲಿ ನಡೆದ ಪ್ರದರ್ಶನಕ್ಕಾಗಿ 267 ಮಂದಿ ಕಾಂಗೋಲೀಯರನ್ನು ಹಡಗಿನಲ್ಲಿ ತಂದು, ಹುಲ್ಲು ಗುಡಿಸಲುಗಳ ನಕಲಿ ಹಳ್ಳಿಯಲ್ಲಿ ಪ್ರೇಕ್ಷಕರಿಗೆ ತೋರಿಸಿದರು. ಅವರಲ್ಲಿ ಏಳು ಮಂದಿ ಆ ಚಳಿಯ ನಾಡಿನಲ್ಲೇ ಮಡಿದರು.

ಆ ನಕಲಿ ಹಳ್ಳಿಯೂ ಒಂದು ಕಲ್ಪನೆಯ ವಾಸ್ತುವೇ ಎಂಬುದನ್ನು ಗಮನಿಸಬೇಕು. 'ನೀವು ಗುಡಿಸಲಿನವರು, ನಾವು ಕಮಾನಿನವರು' ಎಂದು ಅದು ಸಾರುತ್ತಿತ್ತು. 1958ರಲ್ಲಿ ಬ್ರಸೆಲ್ಸಿನ ವಿಶ್ವಪ್ರದರ್ಶನದಲ್ಲಿಯೂ ಅಂಥ ಹಳ್ಳಿಯನ್ನು ಮತ್ತೊಮ್ಮೆ ಕಟ್ಟಿದರು. ಬೇಲಿಯ ಆಚೆಯಿಂದ ನೋಡುಗರು ಬಾಳೆಹಣ್ಣುಗಳನ್ನು ಎಸೆದರು. ಅಪಮಾನವನ್ನು ಸಹಿಸದ ಕಾಂಗೋಲೀಯರು ಹಳ್ಳಿಯನ್ನು ಬಿಟ್ಟು ಹೊರಟುಹೋದರು. ಕಿಂಗೆಲೆಜ್ ಅವರಿಗೆ ಆಗ ಹತ್ತರ ಪ್ರಾಯ.

ಎರಡು ಊರಾದ ರಾಜಧಾನಿ

ಕಾಂಗೋ ನದಿಯ ದಡದಲ್ಲಿ 1881ರಲ್ಲಿ ಸ್ಟಾನ್ಲಿಯು ಸ್ಥಾಪಿಸಿದ ಠಾಣೆಯೇ ಮುಂದೆ ಲಿಯೋಪೋಲ್ಡ್‌ವಿಲ್ ಎಂಬ ರಾಜಧಾನಿಯಾಯಿತು. ಹೆಸರಿನಲ್ಲೇ ಒಡೆಯನ ಮುದ್ರೆ. ಆ ನಗರವನ್ನು ಇಬ್ಭಾಗವಾಗಿ ಕಟ್ಟಿದರು. ಬಿಳಿಯರು ವಾಸಿಸುವ ಭಾಗ ಒಂದು. ಅವರಿಗೆ ದುಡಿಯುವ ಆಫ್ರಿಕನ್ನರ ಭಾಗ ಇನ್ನೊಂದು. ಎರಡರ ನಡುವೆ ಗಾಲ್ಫ್ ಮೈದಾನ, ಸಸ್ಯೋದ್ಯಾನ, ಮೃಗಶಾಲೆಗಳನ್ನು ಹರಡಿದ ಬಯಲಿತ್ತು. ಆರೋಗ್ಯ ರಕ್ಷಣೆಗೆಂದು ಅದಕ್ಕೆ ನೆಪ. ರಾತ್ರಿಯ ಹೊತ್ತು ರಹದಾರಿಯಿಲ್ಲದ ಆಫ್ರಿಕನ್ನನು ಬಿಳಿಯರ ಬೀದಿಗೆ ಕಾಲಿಡುವಂತಿರಲಿಲ್ಲ. ಬಿಳಿಯರ ಭಾಗದಲ್ಲಿ 1946ರಲ್ಲಿ ಫೊರೆಸ್ಕಾಂ ಎಂಬ ಹತ್ತಂತಸ್ತಿನ ಕಟ್ಟಡವೆದ್ದಿತು. ಗೋಪುರಗಳು ಒಬ್ಬರಿಗೆ, ಗಾಳಿ ಬೆಳಕಿಲ್ಲದ ಸಾಲುಮನೆಗಳು ಇನ್ನೊಬ್ಬರಿಗೆ ಎಂಬುದು ಆ ನಗರದ ವ್ಯಾಕರಣ.

ಬೆಂಗಳೂರಿನ ಹಳಬರಿಗೆ ಈ ವ್ಯಾಕರಣ ತೀರ ಅಪರಿಚಿತವೇನಲ್ಲ. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು, ನಡುವೆ ಕಬ್ಬನ್ ಉದ್ಯಾನದ ಹಸುರು. 1949ರವರೆಗೆ ಇವೆರಡಕ್ಕೂ ಬೇರೆ ಬೇರೆ ಪೌರಾಡಳಿತವಿತ್ತು. ತೋಟವೂ ಗೋಡೆಯ ಕೆಲಸವನ್ನು ಮಾಡಬಲ್ಲದೆಂಬುದು ಬ್ರಿಟಿಷರಿಗೂ ತಿಳಿದಿತ್ತು, ಬೆಲ್ಜಿಯಂ ಜನರಿಗೂ ತಿಳಿದಿತ್ತು. ಆದರೆ ಲಿಯೋಪೋಲ್ಡ್‌ವಿಲ್‌ನಲ್ಲಿ ಗೆರೆಯು ಇನ್ನೂ ಕಠಿನವಾಗಿತ್ತು.

1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಯಿತು. ಅಂದು ಅಷ್ಟು ದೊಡ್ಡ ದೇಶದಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದ ಕಾಂಗೋಲೀಯರ ಸಂಖ್ಯೆ ಮೂವತ್ತನ್ನೂ ಮುಟ್ಟಿರಲಿಲ್ಲ. ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು 1961ರ ಜನವರಿ 17ರಂದು ಕಟಾಂಗಾದಲ್ಲಿ ಕೊಂದರು. ಆ ಕೊಲೆಯಲ್ಲಿ ತನ್ನ ದೇಶಕ್ಕೆ ನೈತಿಕ ಹೊಣೆಯಿತ್ತೆಂದು ಬೆಲ್ಜಿಯಂ ಸಂಸತ್ತಿನ ವಿಚಾರಣಾ ಸಮಿತಿಯು ಒಪ್ಪಿಕೊಂಡದ್ದು ನಾಲ್ವತ್ತು ವರ್ಷಗಳ ಮೇಲೆ, 2001ರಲ್ಲಿ.

ಕಾಡಿನ ನಡುವಿನ ಅರಮನೆ

1965ರಲ್ಲಿ ಅಧಿಕಾರವನ್ನು ಕಿತ್ತುಕೊಂಡ ಸೇನಾಧಿಪತಿ ಮೊಬುಟು ಹಳೆಯ ಹೆಸರುಗಳನ್ನೆಲ್ಲ ಅಳಿಸಿದನು. 1966ರಲ್ಲಿ ಲಿಯೋಪೋಲ್ಡ್‌ವಿಲ್ ಕಿನ್ಶಾಸಾ ಆಯಿತು. 1971ರಲ್ಲಿ ದೇಶದ ಹೆಸರು ಝೈರ್ ಎಂದಾಯಿತು. ದೊರೆಯ ಪ್ರತಿಮೆಯನ್ನು ಪೀಠದಿಂದ ಇಳಿಸಿದರು. ಲುಮುಂಬಾ ಅವರ ಪತನದಲ್ಲಿ ಕೈಯಿದ್ದ ಮೊಬುಟು ಅವರ ಸ್ಮಾರಕವೆಂದೇ ರಾಜಧಾನಿಯಲ್ಲಿ ಇನ್ನೂರು ಮೀಟರಿಗೂ ಮಿಗಿಲಾದ ಗೋಪುರವೊಂದನ್ನು ಏಳಿಸತೊಡಗಿದನು. ಗೋಪುರವು ಎದ್ದರೂ ಕೆಲಸವು ಪೂರ್ತಿಯಾಗದೆ ದಶಕಗಳ ಕಾಲ ಅರೆಬರೆಯಾಗಿಯೇ ನಿಂತಿತು.

ಕೆಲಸ ಪೂರ್ತಿಯಾದದ್ದು ಬೇರೆ ಕಡೆ. ದೇಶದ ಉತ್ತರದ ಮೂಲೆಯಲ್ಲಿ, ತನ್ನ ಪೂರ್ವಿಕರ ಊರೆಂದು ಹೇಳಿಕೊಂಡ ಗ್ಬಡೋಲಿಟೆಯಲ್ಲಿ, ಮೊಬುಟು ಅಮೃತಶಿಲೆಯ ಅರಮನೆಗಳನ್ನು ಕಟ್ಟಿಸಿದನು. ಶಬ್ದವೇಗವನ್ನು ಮೀರಿ ಹಾರುವ ಕಾಂಕಾರ್ಡ್ ವಿಮಾನವೂ ಇಳಿಯಬಲ್ಲಂಥ ಉದ್ದನೆಯ ಹಾದಿಯ ವಿಮಾನ ನಿಲ್ದಾಣವನ್ನು ಕಾಡಿನ ನಡುವೆ ಮಾಡಿಸಿದನು. ಅದೇ ವೇಳೆಯಲ್ಲಿ ದೇಶದ ರಸ್ತೆಗಳು ಹಾಳಾಗುತ್ತಿದ್ದವು. ಶಾಲೆಯ ಉಪಾಧ್ಯಾಯರಿಗೆ ಸಂಬಳ ಬರುತ್ತಿರಲಿಲ್ಲ. 1997ರಲ್ಲಿ ಅವನು ದೇಶ ಬಿಟ್ಟು ಓಡಿದ ಮೇಲೆ ಆ ಅರಮನೆಗಳನ್ನು ಲೂಟಿ ಮಾಡಿದರು, ಬಳ್ಳಿಗಳು ಗೋಡೆಯನ್ನೇರಿದವು. ಒಡೆಯನ ಬಣ್ಣ ಬದಲಾಗಿತ್ತು. ಖಾಂಡವವನವನ್ನು ಸುಟ್ಟು ಸಭೆ ಕಟ್ಟುವ ಪದ್ಧತಿ ಬದಲಾಗಿರಲಿಲ್ಲ.

ಒಂದು ಕಡೆ ವಿದೇಶೀ ದೊರೆಯ ಕಮಾನುಗಳ ನೆನಪು, ಇನ್ನೊಂದು ಕಡೆ ಸ್ವದೇಶೀ ಸರ್ವಾಧಿಕಾರಿಯ ಅಮೃತಶಿಲೆ. ಈ ಎರಡರ ನಡುವೆ, ಕಿನ್ಶಾಸಾದ ಒಂದು ಮನೆಯೊಳಗೆ, ಕಿಂಗೆಲೆಜ್ ಅವರು ಬ್ಲೇಡು ಹಿಡಿದು ಕುಳಿತಿದ್ದರು.

ಡಬ್ಬಿ, ಮುಚ್ಚಳ, ಹಲ್ಲುಕಡ್ಡಿ

ಅವರ ಸಾಮಗ್ರಿಗಳನ್ನು ನೋಡಿದರೆ ಗೃಹಿಣಿಯರು ಮುಗುಳ್ನಗಬಹುದು. ಬಣ್ಣದ ಕಾಗದ, ರಟ್ಟು, ಪ್ಲಾಸ್ಟಿಕ್ಕು, ಪೇಯಗಳ ತಗಡಿನ ಡಬ್ಬಿ, ಶೀಷೆಯ ಮುಚ್ಚಳ, ಹಲ್ಲುಕಡ್ಡಿ, ಸಾಮಾನು ಕಟ್ಟಿ ಬಂದ ಪೊಟ್ಟಣ: ಯಾವುದೂ ಅವರಿಗೆ ಕಸವಲ್ಲ. ಇವುಗಳಿಂದ ನಕ್ಷತ್ರದಾಕಾರದ ಮಹಡಿಗಳು, ಬೀಸಣಿಗೆಯಂತೆ ಬಿಚ್ಚಿಕೊಂಡ ಮುಂಭಾಗಗಳು, ಕುಂಕುಮ, ಅರಸಿನ, ಗಿಳಿಹಸುರು ಬಣ್ಣಗಳ ಗೋಪುರಗಳು ಮೂಡಿದವು. ಜಾತ್ರೆಯ ತೇರಿನ ಸಂಭ್ರಮವೂ ಶಿಲ್ಪಿಯ ಅಳತೆಯೂ ಒಂದೆಡೆ ಕೂಡಿದಂತೆ ಅವು ಕಾಣುತ್ತವೆ. ಎಲ್ಲಿಯೂ ಅಂಟಿನ ಕಲೆಯಿಲ್ಲ, ಅಂಚು ಸೊಟ್ಟಗಿಲ್ಲ.

ಇಲ್ಲಿ ಒಂದು ವಿಶೇಷವಿದೆ. ಪರಾಧೀನ ದೇಶದ ವ್ಯಾಪಾರದ ಕ್ರಮವನ್ನು ಭಾರತೀಯರು ಹತ್ತಿಯ ಅನುಭವದಿಂದ ಚೆನ್ನಾಗಿ ಬಲ್ಲರು. ಕಚ್ಚಾ ಮಾಲು ಇಲ್ಲಿಂದ ಹೋಗುತ್ತದೆ. ಸಿದ್ಧವಸ್ತುವಾಗಿ, ಹತ್ತು ಪಟ್ಟು ಬೆಲೆ ಹೊತ್ತು ಮರಳಿ ಬರುತ್ತದೆ. ಕಿಂಗೆಲೆಜ್ ಅವರು ಈ ಕ್ರಮವನ್ನು ತಲೆಕೆಳಗು ಮಾಡಿದರು. ಸಿದ್ಧವಸ್ತುವಿನ ಹೊದಿಕೆಯನ್ನೇ ಅವರು ಕಚ್ಚಾ ಮಾಲೆಂದು ಹಿಡಿದರು. ಅದರಿಂದ ಲೋಕವು ಹಿಂದೆ ಕಂಡಿರದ ವಸ್ತುವನ್ನು ಮಾಡಿದರು. 1989ರಲ್ಲಿ ಪ್ಯಾರಿಸ್ಸಿನಲ್ಲಿ ಐದು ಖಂಡಗಳ ಕಲಾವಿದರನ್ನು ಒಟ್ಟುಗೂಡಿಸಿದ 'ಭೂಮಿಯ ಮಾಂತ್ರಿಕರು' ಎಂಬ ಪ್ರದರ್ಶನದಲ್ಲಿ ಅವರ ಕೃತಿಗಳು ಯೂರೋಪಿನ ಕಣ್ಣಿಗೆ ಬಿದ್ದವು. ಒಂದು ಕಾಲದಲ್ಲಿ ಕಾಂಗೋದ ಜನರನ್ನೇ ಪ್ರದರ್ಶನಕ್ಕಿಟ್ಟ ಭೂಖಂಡದಲ್ಲಿ ಕಾಂಗೋದವನ ಕನಸು ಈಗ ಪ್ರದರ್ಶನಕ್ಕೆ ಬಂದಿತ್ತು.

ಹಳ್ಳಿ ನಗರವಾದ ಬಗೆ

1994ರಲ್ಲಿ ಅವರು ತಮ್ಮ ಹುಟ್ಟೂರಾದ ಕಿಂಬೆಂಬೆಲೆ ಇಹುಂಗಾವನ್ನು ಕಾಗದದಲ್ಲಿ ಮತ್ತೆ ಕಟ್ಟಿದರು. ಮೂರು ಮೀಟರಿಗೂ ಉದ್ದವಾದ ಆ ಕೃತಿಯಲ್ಲಿ ಬೇಸಾಯದ ಹಳ್ಳಿಯು ಮಹಾನಗರವಾಗಿದೆ. ಅಗಲವಾದ ಹೆದ್ದಾರಿಗಳು, ರೈಲು ನಿಲ್ದಾಣ, ಉಪಾಹಾರ ಗೃಹಗಳು, ಗಗನಚುಂಬಿ ಕಟ್ಟಡಗಳು, ಕಾಲ್ಚೆಂಡಿನ ಕ್ರೀಡಾಂಗಣ ಎಲ್ಲವೂ ಅಲ್ಲಿವೆ. ಬ್ರಸೆಲ್ಸಿನವರು ಎರಡು ಸಲ ಕಟ್ಟಿ ತೋರಿಸಿದ ಕಾಂಗೋದ ನಕಲಿ ಹಳ್ಳಿಯನ್ನು ಈ ಹಳ್ಳಿಯ ಪಕ್ಕದಲ್ಲಿಟ್ಟು ನೋಡಿದರೆ ಇದು ಎಂಥ ಮಾರುತ್ತರವೆಂಬುದು ತಿಳಿಯುತ್ತದೆ. ಬೈಗುಳವಿಲ್ಲ, ಶಾಪವಿಲ್ಲ, 'ನಮ್ಮೂರು ಹೀಗಿರಬಹುದಾಗಿತ್ತು' ಎಂಬ ಒಂದೇ ಮಾತು.

ಎರಡು ವರ್ಷಗಳ ಮೇಲೆ, 1996ರಲ್ಲಿ, 'ವಿಲ್ ಫಾಂತೋಮ್' ಎಂಬ ಕೃತಿಯು ಸಿದ್ಧವಾಯಿತು. ಕನ್ನಡದಲ್ಲಿ ಮಾಯಾನಗರಿ ಎನ್ನಬಹುದು. ಅದರ ಉದ್ದ ಐದೂವರೆ ಮೀಟರಿಗೂ ಹೆಚ್ಚು. ಆ ನಗರದಲ್ಲಿ ಎಲ್ಲರೂ ಸ್ವತಂತ್ರರು. ಎಲ್ಲ ಜನಾಂಗಗಳೂ ಕಲೆತು ಬಾಳುತ್ತವೆ. ಪೋಲೀಸರ ಅಗತ್ಯವೇ ಬೀಳುವುದಿಲ್ಲ ಎಂಬುದು ಕಿಂಗೆಲೆಜ್ ಅವರ ಕಲ್ಪನೆ. ಲಿಯೋಪೋಲ್ಡ್‌ವಿಲ್‌ನ ನಕ್ಷೆಯನ್ನು ನೆನಪಿನಲ್ಲಿಟ್ಟುಕೊಂಡು ಈ ನಗರದ ಬೀದಿಗಳಲ್ಲಿ ಕಣ್ಣಾಡಿಸಬೇಕು. ಊರನ್ನು ಬಿಳಿದು ಕರಿದು ಎಂದು ಸೀಳುವ ಬಯಲು ಇಲ್ಲಿ ಕಾಣಿಸದು. ರಾತ್ರಿಯ ರಹದಾರಿ ಕೇಳುವವರಿಲ್ಲ. ನಗರವು ಏನನ್ನು ಹೊಂದಿದೆಯೆಂಬುದರ ಜೊತೆಗೆ ಏನನ್ನು ಕೈಬಿಟ್ಟಿದೆಯೆಂಬುದನ್ನೂ ಓದಿದಾಗಲೇ ಅದರ ಅನ್ಯೋಕ್ತಿ ಬಿಚ್ಚಿಕೊಳ್ಳುತ್ತದೆ. ವಸಾಹತು ನಗರವನ್ನು ಅವರು ಎಲ್ಲಿಯೂ ಖಂಡಿಸಲಿಲ್ಲ. ಅದರ ಬೇಲಿಯನ್ನು ಸದ್ದಿಲ್ಲದೆ ಕಿತ್ತುಹಾಕಿದರು.

ಉಳಿದ ಕೃತಿಗಳ ಹೆಸರುಗಳೂ ಯೋಚನೆಗೆ ಹಚ್ಚುವಂಥವು. 1991ರ ಒಂದು ಕೃತಿಯು ಏಡ್ಸ್ ರೋಗಿಗಳಿಗೆಂದು ಕಟ್ಟಿದ ವೈಜ್ಞಾನಿಕ ಆಸ್ಪತ್ರೆ. ಕಿನ್ಶಾಸಾ ಆ ಮಹಾಮಾರಿಯಿಂದ ತತ್ತರಿಸುತ್ತಿದ್ದ ಕಾಲವದು. ಅದೇ ವರ್ಷದ ಇನ್ನೊಂದು ಕೃತಿ 'ಹಿರೋಷಿಮಾದ ಅರಮನೆ'. 1945ರಲ್ಲಿ ಆ ಊರನ್ನು ಸುಟ್ಟ ಬಾಂಬಿನ ಯುರೇನಿಯಂ ಬಹುಮಟ್ಟಿಗೆ ಬಂದದ್ದು ಬೆಲ್ಜಿಯನ್ ಕಾಂಗೋದ ಶಿಂಕೊಲೊಬ್ವೆ ಗಣಿಯಿಂದ. ಆ ಗಣಿಯಲ್ಲಿ ಅದಿರನ್ನು ಅಗೆದ ಕೈಗಳ ನಾಡಿನಿಂದಲೇ, ಸುಟ್ಟುಹೋದ ಊರಿಗೆ ಕಾಗದದ ಅರಮನೆಯೊಂದು ಕಾಣಿಕೆಯಾಗಿ ಬಂದಿತೆಂದರೆ ಯಾರ ಮನಸ್ಸು ಕರಗದು? ವಿಶ್ವಸಂಸ್ಥೆಗೆ ಐವತ್ತು ತುಂಬಿದ 1995ರಲ್ಲಿ ಅದರ ಹೆಸರಿನಲ್ಲಿಯೂ ಒಂದು ಭವನವನ್ನು ಅವರು ನಿರ್ಮಿಸಿದರು. ಆ ಸಂಸ್ಥೆಯ ಸೈನಿಕರು 1960ರಲ್ಲಿ ಕಾಂಗೋಕ್ಕೆ ಬಂದಿಳಿದರೂ ಲುಮುಂಬಾ ಅವರ ಪ್ರಾಣ ಉಳಿಯಲಿಲ್ಲ. ಮೊಬುಟು ಓಡಿಹೋದ 1997ರಲ್ಲಿ ಅವರು ಮಾಡಿದ ಕೃತಿ 'ಮೂರನೆಯ ಸಹಸ್ರಮಾನದ ಕಿನ್ಶಾಸಾಕ್ಕೊಂದು ಯೋಜನೆ'.

ಇವೆಲ್ಲಕ್ಕಿಂತ ತೀಕ್ಷ್ಣವಾದ ಅಣಕವು 2000ದಲ್ಲಿ ಬಂದಿತು. ದಕ್ಷಿಣ ಫ್ರಾನ್ಸಿನ ಸೆತ್ ಎಂಬ ಬಂದರು ಪಟ್ಟಣವು 3009ನೆಯ ಇಸವಿಯಲ್ಲಿ ಹೇಗಿರಬೇಕೆಂದು ಅವರು ಕಾಗದದಲ್ಲಿ ಕಟ್ಟಿ ತೋರಿಸಿದರು. ಒಂದು ಕಾಲದಲ್ಲಿ ಯೂರೋಪಿನ ಅಧಿಕಾರಿಯು ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ತಾನು ಕಾಣದ ಆಫ್ರಿಕದ ಊರುಗಳ ಭವಿಷ್ಯವನ್ನು ನಿರ್ಧರಿಸುತ್ತಿದ್ದನು. ಈಗ ಆಫ್ರಿಕದ ಹಳ್ಳಿಯವನೊಬ್ಬ ಯೂರೋಪಿನ ಊರಿಗೆ ಸಾವಿರ ವರ್ಷಗಳ ಮುಂದಿನ ಭವಿಷ್ಯವನ್ನು ಬರೆದುಕೊಟ್ಟನು. ಮೆಕಾಲೆಯ ನ್ಯೂಜಿಲೆಂಡಿಗನು ಯೂರೋಪಿನ ಪಾಳನ್ನು ನೋಡಲು ಬಂದಿದ್ದನು. ಈ ಕಾಂಗೋಲೀಯನಾದರೋ ಅದನ್ನು ಇನ್ನಷ್ಟು ಚೆಲುವಾಗಿ ಕಟ್ಟಿಕೊಡಲು ಬಂದನು. ಸೇಡನ್ನು ತೀರಿಸಿಕೊಳ್ಳುವುದಕ್ಕೆ ಇದಕ್ಕಿಂತ ಉದಾರವಾದ ದಾರಿ ಇನ್ನೊಂದಿರಲಾರದು.

ಆಟಿಕೆಯೇ, ಆಪಾದನೆಯೇ?

ಇದನ್ನೆಲ್ಲ ಒಪ್ಪದವರೂ ಇದ್ದಾರೆ. ನೋವುಂಡ ನಾಡಿನ ಕಲೆಯಲ್ಲಿ ನೋವು ಎಲ್ಲಿದೆ, ಕಡಿದ ಕೈಗಳೆಲ್ಲಿ, ಸಂಕೋಲೆಗಳೆಲ್ಲಿ ಎಂದು ಅವರು ಕೇಳಬಹುದು. ಮಿಠಾಯಿಯ ಬಣ್ಣದ ಈ ಗೋಪುರಗಳು ಮಕ್ಕಳ ಆಟಿಕೆಗಿಂತ ಹೆಚ್ಚೇನು? ಇನ್ನೂ ಬಿರುಸಾದ ಆಕ್ಷೇಪವೊಂದಿದೆ. ಹುಟ್ಟೂರಿನ ಕ್ರೀಡಾಂಗಣಕ್ಕೆ ಕಿಂಗೆಲೆಜ್ ಅವರು ತಮ್ಮ ಹೆಸರನ್ನೇ ಇಟ್ಟರು. ಲಿಯೋಪೋಲ್ಡನೂ ಮಾಡಿದ್ದು ಅದನ್ನೇ ಅಲ್ಲವೆ? ಅವರ ನಗರಗಳಲ್ಲಿ ಮನುಷ್ಯರ ಆಕೃತಿಗಳಿಲ್ಲ. ನಲ್ಲಿ, ಚರಂಡಿ, ಬಡವನ ಮನೆ ಎಲ್ಲಿವೆಯೋ ಹೇಳುವವರಿಲ್ಲ. ಒಂದೂವರೆ ಕೋಟಿಗೂ ಮಿಕ್ಕಿದ ಜನರಿಂದ ಕಿಕ್ಕಿರಿದ ಇಂದಿನ ಕಿನ್ಶಾಸಾಕ್ಕೆ ಕಾಗದದ ಗೋಪುರದಿಂದ ಒಂದು ಕೊಡ ನೀರೂ ಸಿಕ್ಕದು.

ಈ ಮಾತುಗಳನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮಯನ ಸಭೆಯಲ್ಲೂ ಮಯನ ಸೊಕ್ಕು ಇದ್ದಿರಲೇಬೇಕು. ಕಟ್ಟುವವನಿಗೆ ಹಮ್ಮಿಲ್ಲದಿದ್ದರೆ ಕಲ್ಲು ಮೇಲೇಳುವುದಿಲ್ಲ. ಆದರೆ ಹೆಸರಿನ ಪ್ರಶ್ನೆಯಲ್ಲಿ ಒಂದು ವ್ಯತ್ಯಾಸವಿದೆ. ಲಿಯೋಪೋಲ್ಡನು ತನ್ನ ಹೆಸರನ್ನು ಇಟ್ಟದ್ದು ತಾನು ಎಂದೂ ಕಾಣದ ಊರಿಗೆ, ಅಲ್ಲಿಯವರ ಬೆನ್ನ ಮೇಲೆ. ಕಿಂಗೆಲೆಜ್ ಅವರು ಇಟ್ಟದ್ದು ತಾವು ಹುಟ್ಟಿದ ಊರಿಗೆ, ತಮ್ಮ ಎರಡು ಕೈಗಳ ದುಡಿಮೆಯ ಮೇಲೆ. ಎಂಟು ದಶಕಗಳ ಕಾಲ ಒಡೆಯರ ಹೆಸರುಗಳನ್ನೇ ಓದಿದ ನಾಡಿನಲ್ಲಿ, ರೈತರ ಹಳ್ಳಿಯ ಹುಡುಗನ ಹೆಸರೊಂದು ಗೋಡೆಯ ಮೇಲೆ ಮೂಡುವುದು ಬರಿಯ ಬಡಾಯಿಯಾಗಲಾರದು.

ಇನ್ನು ನೋವಿನ ಮಾತು. ಅಳುವುದೊಂದೇ ನೋವಿನ ಭಾಷೆಯೆಂದು ತಿಳಿದವರು ಹಬ್ಬದ ದಿನ ಬಡವರ ಮನೆಯ ಬಾಗಿಲಿನ ರಂಗೋಲಿಯನ್ನು ನೋಡಿಲ್ಲ. ಕಾಂಗೋದವನೆಂದರೆ ಅತ್ತು ತೋರಿಸಬೇಕು, ಗುಡಿಸಲಿನಲ್ಲಿ ಕುಳಿತು ತೋರಿಸಬೇಕು ಎಂದು ಬಯಸುವ ಕಣ್ಣು 1897ರ ಪ್ರೇಕ್ಷಕನ ಕಣ್ಣಿಗಿಂತ ಬಹಳ ದೂರವೇನಿಲ್ಲ. ಆ ವೇಷವನ್ನು ಹಾಕಲು ಕಿಂಗೆಲೆಜ್ ಅವರು ಒಪ್ಪಲಿಲ್ಲ. ಅವರ ಸಂತೋಷದಲ್ಲಿಯೇ ಅವರ ಆಪಾದನೆಯಿದೆ. ಇಷ್ಟು ಸೊಗಸಾದ ಊರನ್ನು ಒಬ್ಬ ಮನುಷ್ಯನು ರಟ್ಟಿನಲ್ಲಿ ಕಟ್ಟಬಲ್ಲನಾದರೆ, ತಾಮ್ರ, ವಜ್ರ, ರಬ್ಬರು, ಯುರೇನಿಯಂಗಳ ಒಡತಿಯಾದ ನಾಡು ಕಲ್ಲಿನಲ್ಲಿ ಏಕೆ ಕಟ್ಟಲಿಲ್ಲ? ಆ ಐಶ್ವರ್ಯ ಎಲ್ಲಿ ಹೋಯಿತು? ಪ್ರಶ್ನೆಯ ಅರ್ಧವು ಬ್ರಸೆಲ್ಸಿಗೆ, ಉಳಿದರ್ಧವು ಗ್ಬಡೋಲಿಟೆಗೆ.

ಸುಲಭವಾಗಿ ಹರಿಯುವ ಕಾಗದ

2005ರಲ್ಲಿ ಕಿನ್ಶಾಸಾದಲ್ಲಿ ಒಂದು ವಿಲಕ್ಷಣ ಘಟನೆ ನಡೆಯಿತು. ಮೂಲೆಗೆ ಬಿದ್ದಿದ್ದ ಲಿಯೋಪೋಲ್ಡನ ಪ್ರತಿಮೆಯನ್ನು ಸರ್ಕಾರವು ಮತ್ತೆ ತಂದು ನಗರದಲ್ಲಿ ನಿಲ್ಲಿಸಿತು. ಪ್ರತಿಮೆಯು ಒಂದು ದಿನವೂ ನಿಲ್ಲಲಿಲ್ಲ. ಕೆಲವು ಗಂಟೆ ಕಳೆಯುವುದರೊಳಗೆ ಅದನ್ನು ಇಳಿಸಬೇಕಾಯಿತು. ಲೋಹದ ದೊರೆಗೆ ದೊರೆಯದ ಆಯಸ್ಸು ಕಾಗದದ ಗೋಪುರಗಳಿಗೆ ದೊರೆತದ್ದು ಕಾಲದ ವಿನೋದವೆನ್ನಬೇಕು.

ಕಿಂಗೆಲೆಜ್ ಅವರು 2015ರ ಮಾರ್ಚಿಯಲ್ಲಿ ಕಿನ್ಶಾಸಾದಲ್ಲಿ ತೀರಿಕೊಂಡರು. ಮನುಷ್ಯರು ವಾಸಿಸುವ ಒಂದು ಮನೆಯೂ ಅವರ ನಕ್ಷೆಯಂತೆ ಎಲ್ಲಿಯೂ ಏಳಲಿಲ್ಲ. 2018ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಗಗನಚುಂಬಿಗಳ ತವರಾದ ಆ ನಗರದ ಜನರು ಯಂತ್ರದ ಕನ್ನಡಕವನ್ನು ಧರಿಸಿ ಮಾಯಾನಗರಿಯ ಬೀದಿಗಳಲ್ಲಿ ನಡೆದಾಡಿದ ಅನುಭವವನ್ನು ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ, ಐದು ವರ್ಷ ಬಾಗಿಲು ಮುಚ್ಚಿದ್ದ ಟೆರ್ವುರೆನ್ ಸಂಗ್ರಹಾಲಯವು ತನ್ನ ಹಳೆಯ ಕಥನವನ್ನು ತಿದ್ದಿಕೊಂಡು ಮತ್ತೆ ತೆರೆಯಿತು. ದೊರೆಯು ಕಲ್ಲಿನಲ್ಲಿ ಬರೆಸಿದ್ದನ್ನು ತಿದ್ದುವುದಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಕಾಗದವು ಬಲು ಸೂಕ್ಷ್ಮ ಪದಾರ್ಥ. ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ತೇವಕ್ಕೆ ಉಬ್ಬುತ್ತದೆ, ಮಗುವಿನ ಕೈಗೂ ಹರಿಯುತ್ತದೆ. ಹಾಗೆಂದೇ ಅದರಿಂದ ಕಟ್ಟಿದ ಊರನ್ನು ಜೋಪಾನ ಮಾಡಬೇಕಾಗುತ್ತದೆ; ಸ್ವಾತಂತ್ರ್ಯವೂ ಅಂಥದೇ ವಸ್ತು. ಸುಟ್ಟ ಕಾಡಿನಿಂದ ಬದುಕಿ ಬಂದ ಪುರಾಣದ ಮಯನು ತನ್ನ ವಿದ್ಯೆಯನ್ನೆಲ್ಲ ಗೆದ್ದವರ ಪಾದಕ್ಕೆ ಒಪ್ಪಿಸಿದನು. ಕಾಂಗೋದ ಈ ಮಯನಾದರೋ ತನ್ನ ಸಭೆಯನ್ನು ತನ್ನ ಹಳ್ಳಿಯ ಹೆಸರಿನಲ್ಲಿ ಕಟ್ಟಿದನು. ಯಾವ ದೇಶದವನೂ ರಹದಾರಿಯಿಲ್ಲದೆ ಒಳಗೆ ಬರಲೆಂದು ಬಾಗಿಲನ್ನು ತೆರೆದೇ ಇಟ್ಟನು.